ಮಿನಿಯೇಚರ್ ಸೈನಿಕರ ನೆರಳಿಗೆ ಒಂದೇ ವಾಶ್ ಕೊಳ್ಳುವುದಾದರೆ ಯಾವುದು? ಕಪ್ಪೋ, ಕಂದೋ, ಇಲ್ಲಾ ಮರದ ವಾರ್ನಿಷ್ ಸಾಕಾ?

ಬಣ್ಣ ಮುಗಿದ ಹನ್ನೆರಡು ಸೈನಿಕರು, ಒಂದು ಬಿಳಿ ಕುದುರೆ, ತಲೆಯಲ್ಲಿ ಇನ್ನೂ ಕೊಳ್ಳದ ವಾಶ್ ಬಾಟಲಿಯ ಚಿಂತೆ. (ವಾಶ್ ಅಂದರೆ ಪುಟ್ಟ ಗೊಂಬೆಯ ನೆರಿಗೆ, ಸಂದಿಗಳಿಗೆ ಇಳಿದು ನೆರಳಿನ ಹಾಗೆ ಕಾಣುವ ತೆಳು ಬಣ್ಣ.) ನಿಮ್ಮ ಪ್ರಶ್ನೆ ಓದಿದಾಗ ನಮ್ಮ ಮನೆಯ ಊಟದ ಮೇಜೇ ಕಣ್ಮುಂದೆ ಬಂತು. ನನ್ನ ಹತ್ತಿರ 24 ಜನ ಇದ್ದರು.

ಅವರು ಟಿಪ್ಪುವಿನ ಕಾಲಾಳುಗಳು, 28 ಮಿಲಿಮೀಟರ್ ಅಳತೆಯವರು. ನವರಾತ್ರಿಗೆ ಗೊಂಬೆ ಕೂರಿಸುವಾಗ ಕೆಳಗಿನ ಮೆಟ್ಟಿಲಲ್ಲಿ ಶ್ರೀರಂಗಪಟ್ಟಣದ ಕೋಟೆ ಕಟ್ಟಿ, ಮುಂದೆ ಇವರನ್ನು ಸಾಲಾಗಿ ನಿಲ್ಲಿಸಬೇಕು ಅಂತ ಆಸೆ. ಆ ಸೈನಿಕರ ಅಂಗಿ ಗೊತ್ತಲ್ವಾ? ನೇರಳೆ ಬಟ್ಟೆ, ಅದರ ತುಂಬ ಬಿಳಿ ವಜ್ರಾಕಾರದ ಚುಕ್ಕೆ. ಹುಲಿಯ ಮೈಯನ್ನು ನೆನಪಿಸುವ ಹಾಗೆ. ಬ್ರಿಟಿಷರು ಅದನ್ನು ಟೈಗರ್ ಜಾಕೆಟ್ ಎಂದೇ ಬರೆದಿದ್ದಾರೆ. ಒಂದು ಅಂಗಿಯ ಚುಕ್ಕೆಗೆ ನನಗೆ ಒಂದು ಸಂಜೆ ಹಿಡಿಯುತ್ತಿತ್ತು. ಉಸಿರು ಬಿಗಿ ಹಿಡಿದು ಇಡಬೇಕು, ಅಷ್ಟು ಸಣ್ಣವು.

ಹಬ್ಬಕ್ಕೆ ಎರಡು ದಿನ ಉಳಿದಿತ್ತು. ಕಪ್ಪು ವಾಶ್ ಬಾಟಲಿಯಲ್ಲಿ ಅರ್ಧಕ್ಕಿಂತ ಕಮ್ಮಿ ಇತ್ತು. 24 ಜನಕ್ಕೂ ಸಾಲಬೇಕು. ಇದ್ದದ್ದನ್ನೆಲ್ಲ ಬಟ್ಟಲಿಗೆ ಸುರಿದು, ಅಷ್ಟೇ ನಲ್ಲಿ ನೀರು ಬೆರೆಸಿದೆ. ದಪ್ಪ ಬ್ರಷ್ ಅದ್ದಿ ಪೇಟದಿಂದ ಪಾದದವರೆಗೆ ಬಳಿದೆ. ಒದ್ದೆ ಇರುವಾಗ ಒಂದೊಂದು ನೆರಿಗೆಯೂ ಎದ್ದು ಕಾಣುತ್ತಿತ್ತು. ಖುಷಿಯಿಂದ ಮಲಗಿದೆ.

ಬೆಳಗ್ಗೆ ನೋಡಿದರೆ ಬಿಳಿ ಚುಕ್ಕೆಗಳೆಲ್ಲ ಬೂದಿ ಬಣ್ಣ. ಎದೆ, ಬೆನ್ನು, ತೊಡೆಯಂಥ ಸಮತಟ್ಟು ಜಾಗದಲ್ಲೆಲ್ಲ ಕಪ್ಪು ಬಳೆಯಂಥ ಕಲೆಗಳು. ನೆರಿಗೆಯ ಒಳಗೆ ಮಾತ್ರ ಏನೂ ಇಲ್ಲ. ನೆರಳು ಎಲ್ಲಿ ಬೇಕಿತ್ತೋ ಅಲ್ಲಿ ಇಲ್ಲ, ಬೇಡದ ಕಡೆ ಕೂತಿದೆ.

ಇದು ಯಾಕೆ ಆಯಿತು ಅಂತ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ. ಮೇಜಿನ ಮೇಲೆ ಬಿದ್ದ ಕಾಫಿ ಹನಿ ಒಣಗಿದ ಮೇಲೆ ನೋಡಿ. ನಡುವೆ ತೆಳು, ಅಂಚಲ್ಲಿ ಗಾಢ ಗೆರೆ. ಹನಿಯ ಅಂಚು ಇದ್ದಲ್ಲೇ ಕಚ್ಚಿಕೊಂಡಿರುತ್ತದೆ. ಅಂಚಲ್ಲಿ ನೀರು ಬೇಗ ಆರುತ್ತದೆ. ಆರಿದ್ದನ್ನು ತುಂಬಲು ನಡುವಿನ ನೀರು ಆ ಕಡೆ ಹರಿಯುತ್ತದೆ. ಹೋಗುವಾಗ ಕಣಗಳನ್ನೂ ಎಳೆದುಕೊಂಡು ಹೋಗುತ್ತದೆ. 1997ರಲ್ಲಿ ಶಿಕಾಗೊ ವಿಶ್ವವಿದ್ಯಾಲಯದ ಸಂಶೋಧಕರು ನೇಚರ್ ಪತ್ರಿಕೆಯಲ್ಲಿ ವಿವರಿಸಿದ್ದು ಇದನ್ನೇ. ನನ್ನ ಸೈನಿಕರ ಬೆನ್ನ ಮೇಲೂ ಅದೇ ನಡೆದಿತ್ತು.

ವಾಶ್ ಅಂದರೆ ಬರೀ ಬಣ್ಣ ಮತ್ತು ನೀರು ಅಲ್ಲ. ಅದರಲ್ಲಿ ಅಕ್ರಿಲಿಕ್ ಮೀಡಿಯಮ್ ಅನ್ನುವ ಬಣ್ಣವಿಲ್ಲದ ದ್ರವ ಇರುತ್ತದೆ, ಕಣಗಳನ್ನು ಸಮನಾಗಿ ಹಿಡಿದಿಡುತ್ತದೆ. ದ್ರವ ಹನಿಯಾಗಿ ಉಬ್ಬಿ ನಿಲ್ಲದೆ ಸಂದಿಗೆ ಜಾರಲಿ ಅಂತ ಮೇಲ್ಮೈ ಬಿಗಿತ ಸಡಿಲಿಸುವ ಪದಾರ್ಥವೂ ಇರುತ್ತದೆ. ನಾನು ನೀರು ಸುರಿದು ಎರಡನ್ನೂ ಅರ್ಧ ಮಾಡಿದೆ. ಬಣ್ಣ ತೆಳುವಾಗಲಿಲ್ಲ, ವಾಶ್ ತನ್ನ ಕೆಲಸ ಮಾಡುವುದನ್ನೇ ನಿಲ್ಲಿಸಿತು. ತೆಳು ಮಾಡಬೇಕಾದರೆ ಮೀಡಿಯಮ್ ಬೆರೆಸಿ. ಗೊಂಬೆ ಬಣ್ಣದ ಕಂಪನಿಗಳಾದ ಸಿಟಡೆಲ್‌ನವರ ಲಾಮಿಯನ್ ಮೀಡಿಯಮ್, ವಲೆಹೊದವರ ಗ್ಲೇಜ್ ಮೀಡಿಯಮ್, ಯಾವುದಾದರೂ ಸರಿ. ನೀರು ಬೇಕೇ ಬೇಕು ಅಂದರೆ ಒಂದೆರಡು ಹನಿ, ಅಷ್ಟೇ.

ಅವತ್ತು ಕೂತು ಚುಕ್ಕೆಗಳನ್ನು ಮತ್ತೆ ಇಟ್ಟೆ. ಹಬ್ಬದ ಹೊತ್ತಿಗೆ ಒಂಬತ್ತು ಜನ ಮಾತ್ರ ತಯಾರಾದರು. ಉಳಿದ ಹದಿನೈದು ಜನ ಡಬ್ಬಿಯಲ್ಲೇ ಉಳಿದರು. ಅದು ಇವತ್ತಿಗೂ ಮನಸ್ಸಿಗೆ ಚುಚ್ಚುತ್ತದೆ.

ಆದ್ದರಿಂದ ಕಪ್ಪೋ ಕಂದೋ ಅನ್ನುವ ಪ್ರಶ್ನೆಯನ್ನು ನಾನು ಒಪ್ಪುವುದಿಲ್ಲ. ಯಾವ ಬಾಟಲಿ ಅನ್ನುವುದಕ್ಕಿಂತ ಯಾವಾಗ ಹಚ್ಚುತ್ತೀರಿ, ಎಲ್ಲಿ ನಿಲ್ಲಿಸುತ್ತೀರಿ ಅನ್ನುವುದು ದೊಡ್ಡದು. ಮೊದಲು ಬೇಸ್ ಬಣ್ಣ, ಆಮೇಲೆ ವಾಶ್, ಸಣ್ಣ ಕುಸುರಿ ಕೊನೆಗೆ. ಬಿಳಿ ಚುಕ್ಕೆ, ಅಂಚುಪಟ್ಟಿ, ಕಣ್ಣು ಎಲ್ಲ ವಾಶ್ ಪೂರ್ತಿ ಒಣಗಿದ ಮೇಲೇ. ನಾನು ಈ ಕ್ರಮ ಪಾಲಿಸಿದ್ದರೆ ಆ ಚುಕ್ಕೆಗಳು ಬೆಳ್ಳಗೇ ಇರುತ್ತಿದ್ದವು. ವಾಶ್ ಹಚ್ಚಿದ ತಕ್ಷಣ ಬ್ರಷ್ ತೊಳೆದು, ಬಟ್ಟೆಗೆ ಒತ್ತಿ, ಆ ಒದ್ದೆ ತುದಿಯಿಂದ ಸಮತಟ್ಟು ಜಾಗದಲ್ಲಿ ನಿಂತದ್ದನ್ನು ಹೀರಿಕೊಳ್ಳಿ. ಅರೆ ಒಣಗಿದ ಮೇಲೆ ಮಾತ್ರ ಮುಟ್ಟಲೇಬೇಡಿ, ಪದರ ಕಿತ್ತು ಬರುತ್ತದೆ. ಬೇಸಿಗೆಯಲ್ಲಿ ಅರ್ಧ ಗಂಟೆ ಸಾಕು. ಮಳೆಗಾಲದಲ್ಲಿ ಜಾಸ್ತಿ ಬಿಡಿ.

ಒಂದೇ ಕೊಳ್ಳುತ್ತೇನೆ ಅಂತ ಹಟ ಹಿಡಿದರೆ ಕಂದು. ಸಿಟಡೆಲ್‌ನ ಅಗ್ರಾಕ್ಸ್ ಅರ್ತ್‌ಶೇಡ್ ಆಗಬಹುದು, ವಲೆಹೊ ಸೆಪಿಯಾ ಆಗಬಹುದು. ಚರ್ಮದ ಪಟ್ಟಿ, ಮರ, ಬಟ್ಟೆ, ನಮ್ಮವರ ಮೈಬಣ್ಣ, ಎಲ್ಲಕ್ಕೂ ಹೊಂದುತ್ತದೆ. ಕಪ್ಪು, ಅಂದರೆ ನಲ್ನ್ ಆಯಿಲ್ ಥರದ್ದು, ಕತ್ತಿ ಮತ್ತು ಬಂದೂಕಿನ ಉಕ್ಕಿಗೆ ಇರಲಿ. ಮೈಮೇಲೆ ಕಪ್ಪು ಹಚ್ಚಿದರೆ ಮಸಿ ಬಳಿದ ಹಾಗೆ ಕಾಣುತ್ತದೆ. ನೇರಳೆಗೆ ಗಾಢ ನೇರಳೆಯದೇ ವಾಶ್ ಹಾಕಿ ನೋಡಿ, ಬಟ್ಟೆಗೆ ಜೀವ ಬರುತ್ತದೆ.

ಮರದ ವಾರ್ನಿಷ್ ಬೇಡ. ಗೊಂಬೆಯನ್ನೇ ಅದ್ದಿ ತೆಗೆಯುವ, ಬಣ್ಣ ಬೆರೆತ ಪಾಲಿಯುರೆಥೇನ್ ವಾರ್ನಿಷ್ ಇದೆ, ಡಿಪ್ ಅನ್ನುತ್ತಾರೆ, ದೊಡ್ಡ ಸೈನ್ಯವನ್ನು ಬೇಗ ಮುಗಿಸುವವರು ಬಳಸುತ್ತಾರೆ. ಆದರೆ ಪೂರ್ತಿ ಒಣಗಲು ಒಂದು ದಿನ ಬೇಕು, ಹೊಳಪು ಕಳೆಯಲು ಮತ್ತೆ ಮ್ಯಾಟ್ ವಾರ್ನಿಷ್ ಬೇಕು. ತಪ್ಪಾದರೆ ಸುಲಭವಾಗಿ ಒರೆಸಲು ಬರುವುದಿಲ್ಲ. ದುಡ್ಡು ಉಳಿಸಬೇಕಾದರೆ ಎಣ್ಣೆ ಬಣ್ಣದ ಒಂದು ಬರ್ನ್ಟ್ ಅಂಬರ್ (ಗಾಢ ಕಂದು) ಟ್ಯೂಬ್ ತೊಗೊಳ್ಳಿ. ಕ್ಯಾಮೆಲ್‌ನದ್ದೇ ಸಾಕು, ಒಂದು ಟ್ಯೂಬ್ ವರ್ಷಗಟ್ಟಲೆ ಬರುತ್ತದೆ. ಮೊದಲು ಗೊಂಬೆಗೆ ಹೊಳಪಿನ (ಗ್ಲಾಸಿ) ಅಕ್ರಿಲಿಕ್ ವಾರ್ನಿಷ್ ಹಾಕಿ ಒಂದು ದಿನ ಬಿಡಿ. ಬಣ್ಣವನ್ನು ವಾಸನೆಯಿಲ್ಲದ ಮಿನರಲ್ ಸ್ಪಿರಿಟ್‌ನಲ್ಲಿ (ಎಣ್ಣೆ ಬಣ್ಣದ ತಿನ್ನರ್) ಟೀಯಷ್ಟು ತೆಳು ಮಾಡಿ ಸಂದಿಗೆ ಮುಟ್ಟಿಸಿ, ತಾನೇ ಓಡುತ್ತದೆ. ಅರ್ಧ ಗಂಟೆ ಬಿಟ್ಟು ಹೆಚ್ಚಾದದ್ದನ್ನು ಹತ್ತಿ ಕಡ್ಡಿಯಿಂದ ಒರೆಸಿ. ಕಿಟಕಿ ತೆಗೆದಿರಲಿ.

ಇನ್ನು ಆ ಬಿಳಿ ಕುದುರೆ. ಅದರ ಮೈಗೆಲ್ಲ ಯಾವ ವಾಶೂ ಹಚ್ಚಬೇಡಿ. ಒಂದು ಹನಿ ಕಂದು ವಾಶ್‌ಗೆ ನಾಲ್ಕು ಹನಿ ಮೀಡಿಯಮ್ ಬೆರೆಸಿ. ಚೂಪು ಬ್ರಷ್‌ನಲ್ಲಿ ಕೇಸರದ ಬುಡ, ಜೀನಿನ ಅಂಚು, ಕಾಲಿನ ಗಂಟು, ಹೊಟ್ಟೆಯ ಕೆಳಗೆ ಮಾತ್ರ ಎಳೆಯಿರಿ. ಮೊದಲು ಹಿಂಗಾಲಲ್ಲಿ ಮಾಡಿ ಒಣಗಲು ಬಿಡಿ. ಅದು ಹೇಗೆ ಬಂತು ಅಂತ ನೋಡಿ ಮುಖಕ್ಕೆ ಹೋಗಿ.