ಪ್ರತಿಕ್ರಿಯೆ: ಪತ್ರಿಕೆಗೆ ತೆಗೆದ ಫೋಟೊ ಪ್ರದರ್ಶನಕ್ಕೆ ಇಡಬಹುದಾ?

2018ರ ಆಗಸ್ಟ್‌ನ ಭೂಕುಸಿತದ ಫೋಟೊಗಳನ್ನು ಮಡಿಕೇರಿಯಲ್ಲಿ ಪ್ರದರ್ಶನಕ್ಕೆ ಇಡಬೇಕು, ಕೆಲಸ ಬಿಟ್ಟುಬಂದ ಪತ್ರಿಕೆಯವರು 'ಫೋಟೊ ನಮ್ಮದು' ಅನ್ನುತ್ತಿದ್ದಾರೆ ಅಂತ ಬರೆದಿದ್ದೀರಿ. ಬಹುಶಃ ಅವರು ಅಚ್ಚು ಹಾಕುವ ಹಕ್ಕನ್ನೇ ಪೂರ್ತಿ ಹಕ್ಕು ಅಂದುಕೊಂಡಿದ್ದಾರೆ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ನೌಕರ ಪತ್ರಿಕೆಗೆಂದು ತೆಗೆದ ಫೋಟೊವನ್ನು ಪತ್ರಿಕೆಗಳಲ್ಲಿ ಪ್ರಕಟಿಸುವ ಹಕ್ಕು ಮಾಲೀಕರದ್ದು. ಉಳಿದದ್ದೆಲ್ಲ ತೆಗೆದವರದ್ದೇ. ಪ್ರದರ್ಶನ ಆ ಉಳಿದದ್ದರಲ್ಲಿ ಬರುತ್ತದೆ. ಬೇರೆ ಒಪ್ಪಂದ ಇರಬಾರದು, ಅಷ್ಟೇ.

ಹಾಗಾಗಿ ಮೊದಲು ನೇಮಕ ಪತ್ರ ಹುಡುಕಿ. 'ಎಲ್ಲ ಹಕ್ಕೂ ಸಂಸ್ಥೆಯದ್ದು' ಅಂತ ಸಾಲೊಂದಿದ್ದರೆ ಲೆಕ್ಕ ಬದಲಾಗಬಹುದು. ಆಗ ವಕೀಲರಿಗೆ ತೋರಿಸದೆ ಮುಂದೆ ಹೋಗಬೇಡಿ. ನನ್ನ ಪತ್ರದಲ್ಲಿ ಅಂಥ ಸಾಲು ಇರಲಿಲ್ಲ, ಬಚಾವಾದೆ.

ಆಮೇಲೆ ಮೂಲ ಫೈಲ್ ತೆಗೆದಿಡಿ. ಡೆಸ್ಕಿಗೆ ಕಳಿಸಿದ ಸಣ್ಣ ಜೆಪೆಗ್ ಸಾಲದು. 12×18 ಇಂಚಿನ ಪ್ರಿಂಟ್‌ಗೆ 300 ಡಿಪಿಐ (ಇಂಚಿಗೆ 300 ಚುಕ್ಕಿ) ಲೆಕ್ಕದಲ್ಲಿ 3600×5400 ಪಿಕ್ಸೆಲ್ ಬೇಕು.

ನಿಜವಾದ ಕಷ್ಟ ಆಯ್ಕೆಯಲ್ಲಿದೆ. ಮುಖಪುಟದಲ್ಲಿ ಬಂದದ್ದೆಲ್ಲ ಗೋಡೆಗೆ ಒಪ್ಪುವುದಿಲ್ಲ. ಸುದ್ದಿಗೆ ಒಂದು ಫೋಟೊ ಸಾಕು, ಗೋಡೆಯ ಮೇಲೆ ಅದು ಪಕ್ಕದ್ದಕ್ಕೂ ಹೊಂದಬೇಕಲ್ವಾ? ಸಣ್ಣ ಪ್ರಿಂಟ್ ಹಾಕಿಸಿ, ನೆಲದ ಮೇಲೆ ಹರಡಿ. ಆ ಮಳೆ ನೋಡದ ಗೆಳೆಯರೊಬ್ಬರಿಗೆ ಆರಿಸಲು ಹೇಳಿ. ನಾವು ಪಟ್ಟ ಪಾಡು ನೆನೆದು ನಾವು ಸುಮ್ನೆ ಜಾಸ್ತಿ ಇಟ್ಟುಕೊಳ್ಳುತ್ತೇವೆ. ಮನೆ ಕಳೆದುಕೊಂಡವರ ಮುಖ ಕಾಣುತ್ತಿದ್ದರೆ, ಕಾನೂನು ಏನೇ ಹೇಳಲಿ, ಹೋಗಿ ಅವರನ್ನು ಕೇಳಿ.

ಮಳೆಗಾಲ ಬೇಡ, ಪ್ರಿಂಟ್‌ಗೆ ಬೂಷ್ಟು ಹಿಡಿಯುತ್ತದೆ. ಕಾಫಿ ಕುಯ್ಲಿನಲ್ಲಿ ಜನ ಬರುವುದಿಲ್ಲ. ಏಪ್ರಿಲ್‌ನಲ್ಲಿ ಹಾಲ್ ಕೇಳಿ ನೋಡಿ.