ನಮ್ಮ ಅಪಾರ್ಟ್‌ಮೆಂಟಿನ ಕನ್ನಡ ಸಂಘಕ್ಕೆ ಆನ್‌ಲೈನ್ ಕ್ಯಾಲೆಂಡರ್ ಮಾಡಬೇಕು. ಯಾವ ಆ್ಯಪ್ ಒಳ್ಳೆಯದು?

ವಾಟ್ಸಾಪ್ ಗ್ರೂಪಿನಲ್ಲಿ ಹಾಕಿದ ಕಾರ್ಯಕ್ರಮದ ವಿವರವೆಲ್ಲ ಗುಡ್ ಮಾರ್ನಿಂಗ್ ಮೆಸೇಜುಗಳ ಕೆಳಗೆ ಹೂತುಹೋಗುತ್ತೆ ಅಂತ ಬರೆದಿದ್ದೀರಲ್ಲ, ಓದಿ ನಗು ಬಂತು. 2023ರಲ್ಲಿ ನಮ್ಮ ಸಂಘದ ಮೀಟಿಂಗಿನಲ್ಲಿ ನಾನು ಹೇಳಿದ್ದೂ ಇದೇ ಮಾತು. ಹೇಳಿದವನ ತಲೆಗೇ ಕಟ್ಟುವುದು ಎಲ್ಲ ಸಂಘಗಳ ಪದ್ಧತಿ. ನನ್ನ ತಲೆಗೂ ಕಟ್ಟಿದರು.

ನಮ್ಮದು ಬೆಂಗಳೂರಿನ ಕನಕಪುರ ರಸ್ತೆ ಕಡೆಯ ಒಂದು ಅಪಾರ್ಟ್‌ಮೆಂಟ್. ಆ ವರ್ಷ ಆಯುಧಪೂಜೆ ರಜೆಯಲ್ಲಿ ಲ್ಯಾಪ್‌ಟಾಪ್ ಹಿಡಿದು ಕೂತು, ಗೂಗಲ್ ಕ್ಯಾಲೆಂಡರಿನಲ್ಲಿ ‘ಕನ್ನಡ ಸಂಘ’ ಅಂತ ಹೊಸದೊಂದು ತೆರೆದೆ. ಹಳದಿ ಬಣ್ಣ ಕೊಟ್ಟೆ. ಕೆಂಪೂ ಬೇಕಿತ್ತು, ಆದರೆ ಒಂದು ಕ್ಯಾಲೆಂಡರಿಗೆ ಒಂದೇ ಬಣ್ಣ. ಆ ವರ್ಷ ನಡೆದ ಕಾರ್ಯಕ್ರಮಗಳನ್ನೆಲ್ಲ ಫೋಟೋಗಳ ತಾರೀಖು ನೋಡಿಕೊಂಡು ತುಂಬಿದೆ. ಸಂಕ್ರಾಂತಿ, ಯುಗಾದಿ, ಗಣೇಶ, ಎರಡನೇ ಭಾನುವಾರದ ಹರಟೆ. ಮುಂದೆ ಬರಲಿದ್ದ ರಾಜ್ಯೋತ್ಸವವನ್ನೂ ಸೇರಿಸಿದೆ.

ಆಮೇಲೆ ಒಂದು ಜಾಣತನ ಮಾಡಿದೆ. ಹರಟೆಗೆ ‘ಪ್ರತಿ ತಿಂಗಳು’ ಅಂತ ಕೊಟ್ಟೆ, ಅದು ಸರಿ. ಉಳಿದಿದ್ದಕ್ಕೆಲ್ಲ ‘ಪ್ರತಿ ವರ್ಷ’ ಅಂತ ಒತ್ತಿದೆ. ಒಂದ್ಸಲ ತುಂಬಿದರೆ ಸಾಕು, ಇನ್ನು ಸಾಯೋವರೆಗೆ ನೋಡಬೇಕಿಲ್ಲ ಅಂದುಕೊಂಡೆ.

ನಿಮಗೆ ಎಲ್ಲಿ ಎಡವಿದೆ ಅಂತ ಈಗಾಗಲೇ ಹೊಳೆದಿರಬೇಕು. ನನಗೆ ಹತ್ತು ತಿಂಗಳು ಹಿಡಿಯಿತು. ಆದ್ದರಿಂದ ಬಿಡಿಸಿಯೇ ಹೇಳ್ತೀನಿ, ಬೇಜಾರಾದರೂ ಓದಿ.

ಗೂಗಲ್‌ಗೆ ಗೊತ್ತಿರೋದು ತಾರೀಖು. ನಮ್ಮ ಹೆಚ್ಚಿನ ಹಬ್ಬಗಳು ನಡೆಯೋದು ತಿಥಿ ಮೇಲೆ. ಚಾಂದ್ರಮಾನದ ವರ್ಷ ಸುಮಾರು 354 ದಿನ, ಹಾಗಾಗಿ ಹಬ್ಬ ವರ್ಷಕ್ಕೆ ಹನ್ನೊಂದು ದಿನ ಹಿಂದಕ್ಕೆ ಜಾರುತ್ತೆ. ಎರಡೂವರೆ ಮೂರು ವರ್ಷಕ್ಕೊಮ್ಮೆ ಅಧಿಕಮಾಸ ಬಂದಾಗ ಒಂದೇ ನೆಗೆತಕ್ಕೆ ಮುಂದೆ ಹೋಗುತ್ತೆ. ಗಣೇಶನ ಹಬ್ಬ 2022ರಲ್ಲಿ ಆಗಸ್ಟ್ 31ಕ್ಕಿತ್ತು. 2023ರಲ್ಲಿ ಅಧಿಕ ಶ್ರಾವಣ ಬಂತು, ಹಬ್ಬ ಸೆಪ್ಟೆಂಬರ್ 18ಕ್ಕೆ ಹೋಯಿತು. (18ಕ್ಕೋ 19ಕ್ಕೋ ಅಂತ ಆ ಸಲ ಜಗಳವೂ ಆಗಿತ್ತು. ನಾವು 18ಕ್ಕೆ ಕೂರಿಸಿದೆವು.) 2024ರಲ್ಲಿ ಸೆಪ್ಟೆಂಬರ್ 7. ನನ್ನ ಕ್ಯಾಲೆಂಡರ್ ಮಾತ್ರ 2024ಕ್ಕೂ 18, 2025ಕ್ಕೂ 18, ನನ್ನ ಮೊಮ್ಮಕ್ಕಳ ಕಾಲಕ್ಕೂ 18 ಅಂತಲೇ ತೋರಿಸುತ್ತಾ ಕೂತಿತ್ತು.

ಎಚ್ಚರಿಕೆ ಸಿಗಲಿಲ್ಲ ಅಂತಲ್ಲ. 2024ರ ಮಾರ್ಚಿನಲ್ಲಿ ಒಬ್ಬರು ಗ್ರೂಪಿನಲ್ಲಿ ಕೇಳಿದರು: “ಸಾರ್, ಯುಗಾದಿ ಏಪ್ರಿಲ್ 9 ಅಲ್ವಾ? ಇದರಲ್ಲಿ ಮಾರ್ಚ್ 22 ಅಂತಿದೆ.” ಕೂಡಲೇ ತಿದ್ದಿದೆ. ಇದೊಂದನ್ನೇ ಬದಲಿಸಬೇಕಾ, ಎಲ್ಲವನ್ನೂ ಬದಲಿಸಬೇಕಾ ಅಂತ ಗೂಗಲ್ ಕೇಳಿತು. ಇದೊಂದನ್ನೇ ಅಂದೆ. ಕೈಮುಗಿಯೋ ಎಮೋಜಿ ಹಾಕಿ ಸುಮ್ನಾದೆ. ಯುಗಾದಿಗೆ ಆದದ್ದೇ ಗಣೇಶನಿಗೂ ಆಗಿರುತ್ತೆ ಅಂತ ಆ ಕ್ಷಣಕ್ಕೆ ತಲೆಗೆ ಬರಲೇ ಇಲ್ಲ. ಇವತ್ತಿಗೂ ನನಗೆ ಜಾಸ್ತಿ ಚುಚ್ಚೋದು ಮೊದಲನೇ ತಪ್ಪಲ್ಲ, ಇದು.

ಜೂನ್‌ನಲ್ಲಿ ನಮ್ಮ ಖಜಾಂಚಿ ಮೇಡಂ ಅಸೋಸಿಯೇಷನ್ ಆಫೀಸಿಗೆ ಹೋಗಿ, ಫೋನ್ ನೋಡಿಕೊಂಡು, ಸೆಪ್ಟೆಂಬರ್ 18ರಿಂದ ಮೂರು ದಿನಕ್ಕೆ ಕ್ಲಬ್‌ಹೌಸ್ ಬರೆಸಿ ಬಂದರು. ಶಾಮಿಯಾನದವರಿಗೆ ಐದು ಸಾವಿರ ಅಡ್ವಾನ್ಸ್ ಕೊಟ್ಟರು. ಪುರೋಹಿತರಿಗೂ ಅಡುಗೆಯವರಿಗೂ ಅದೇ ದಿನ ಹೇಳಿದರು. ಅವರಲ್ಲಿ ಒಬ್ಬರಿಗೂ ಅನುಮಾನ ಬರಲಿಲ್ಲ. ಯಾಕೆ ಗೊತ್ತಾ? ಬೆಂಗಳೂರಿನಲ್ಲಿ ಹಬ್ಬ ಮುಗಿದು ತಿಂಗಳಾದರೂ ಯಾವುದೋ ಒಂದು ಕ್ರಾಸಿನಲ್ಲಿ ಗಣೇಶ ಕೂರಿಸ್ತಾನೇ ಇರ್ತಾರೆ. ನಮ್ಮದೂ ಹಾಗೇ ಇರಬೇಕು ಅಂದುಕೊಂಡರು.

ಗೊತ್ತಾಗಿದ್ದು ಆಗಸ್ಟ್ ಎರಡನೇ ವಾರ. ಮೆನು ಮಾತಾಡಲು ಅಡುಗೆಯವರು ಫೋನ್ ಮಾಡಿದ್ದರು. “ಹಬ್ಬದ ದಿನ ನನಗೆ ಬೇರೆ ಕಡೆ ಇದೆ ಸಾರ್. ನಿಮ್ಮದು ಹೆಂಗೂ ಆಮೇಲಿದೆಯಲ್ಲ, ಆರಾಮಾಗಿ ಮಾಡಿಕೊಡ್ತೀನಿ.”

“ಆಮೇಲೆ ಅಂದ್ರೆ?”

ಅಡುಗೆಮನೆಯ ಗೋಡೆ ಮೇಲೆ ಪಂಚಾಂಗದ ಕ್ಯಾಲೆಂಡರ್ ತೂಗುತ್ತಿತ್ತು. ಹಾಳೆ ಎತ್ತಿ ನೋಡಿದೆ. 7ರ ಚೌಕದಲ್ಲಿ ಹೆಬ್ಬೆರಳಿನ ಉಗುರಿನಷ್ಟು ದೊಡ್ಡ ಗಣಪ. ಅವನ ಕಾಲ ಕೆಳಗೆ ನನ್ನ ಹೆಂಡತಿಯ ಅಕ್ಷರ: ‘ಊರಿಗೆ ಹೋಗಂಗಿಲ್ಲ, ಇವರ ಗಣೇಶ’.

ಅಂದರೆ ನನ್ನ ಮನೆಯಲ್ಲೇ ಒಬ್ಬರಿಗೆ ಸರಿಯಾದ ತಾರೀಖು ಗೊತ್ತಿತ್ತು. ನಾನು ಕೇಳಿರಲಿಲ್ಲ.

7ನೇ ತಾರೀಖು ಶನಿವಾರ. ಕ್ಲಬ್‌ಹೌಸ್ ಒಂದು ಮಗುವಿನ ಮೊದಲ ಹುಟ್ಟುಹಬ್ಬಕ್ಕೆ ಹೋಗಿತ್ತು. ಅವರನ್ನು ಬಿಟ್ಟುಕೊಡಿ ಅಂತ ಯಾವ ಮುಖ ಇಟ್ಟುಕೊಂಡು ಕೇಳೋದು? ಪುರೋಹಿತರು ಸಿಗಲಿಲ್ಲ. ಶಾಮಿಯಾನದ ಐದು ಸಾವಿರ ವಾಪಸ್ ಬರಲಿಲ್ಲ, ಅದನ್ನು ನಾನೇ ಕಟ್ಟಿದೆ. ಗಣೇಶನನ್ನು ಬೇಸ್‌ಮೆಂಟ್ ಪಾರ್ಕಿಂಗಿನಲ್ಲಿ, ಎರಡು ಕಂಬಗಳ ನಡುವೆ ಕೂರಿಸಿದೆವು. ಮೂರನೇ ಮಹಡಿಯ ಅಜ್ಜಯ್ಯ ಒಬ್ಬರು ಪುಸ್ತಕ ನೋಡಿಕೊಂಡು ಪೂಜೆ ಮಾಡಿದರು. ಮೋದಕ, ಕಡುಬು ಮನೆಮನೆಯಿಂದ ಬಂತು. ಸೇವಂತಿಗೆ ಹಾರ ಎಷ್ಟು ಹಾಕಿದರೂ ಹಿಂದಿನ ಗೋಡೆಯ ಹಳದಿ ‘ಬಿ-47’ ಮುಚ್ಚಲಿಲ್ಲ. ಆ ವರ್ಷದ ಪ್ರತಿ ಫೋಟೋದಲ್ಲೂ ಗಣಪನ ಕಿರೀಟದ ಮೇಲೆ ಪಾರ್ಕಿಂಗ್ ನಂಬರ್ ಇದೆ. ನಮ್ಮ ಗ್ರೂಪಿನಲ್ಲಿ ನನ್ನನ್ನು ಈಗಲೂ ಬಿ-47 ಅಂತಾರೆ, ನನ್ನ ಕಾರು ನಿಲ್ಲೋದು ಬೇರೆ ಕಡೆ.

ಈಗ ನಿಮ್ಮ ಪ್ರಶ್ನೆ. ವೆಬ್‌ಸೈಟ್ ಮಾಡಿ ಅದರಲ್ಲಿ ಕ್ಯಾಲೆಂಡರ್ ಹಾಕೋದಾ, ದುಡ್ಡು ಕೊಟ್ಟು ಆ್ಯಪ್ ತಗೊಳ್ಳೋದಾ, ಗೂಗಲ್ ಸಾಕಾ, ಬರುವವರ ಲೆಕ್ಕ ಸಿಗುತ್ತಾ ಅಂತ ಕೇಳಿದ್ದೀರಿ. ನನ್ನ ಪ್ರಕಾರ ಈ ಪ್ರಶ್ನೆಯನ್ನೇ ಬಿಡಿ. ನಿಮ್ಮಲ್ಲಿ ಪ್ರತಿ ವರ್ಷ ಹೊಸ ಪಂಚಾಂಗ ಬಂದಾಗ ಎರಡು ಗಂಟೆ ಕೂತು ತಾರೀಖು ತುಂಬೋರು ಯಾರು? ಆ ಹೆಸರು ಸಿಕ್ಕಿದರೆ ಪುಕ್ಕಟೆ ಗೂಗಲ್ ಸಾಕು. ಸಿಗದಿದ್ದರೆ ಎಷ್ಟು ದುಡ್ಡು ಸುರಿದರೂ ನಿಮಗೂ ಒಂದು ಬಿ-47 ಕಾದಿದೆ. ಬರುವವರ ಲೆಕ್ಕ ಅಂತೂ ಮರೆತುಬಿಡಿ. ನಮ್ಮ ಜನ ‘ಬರ್ತೀನಿ’ ಅಂತ ಒತ್ತಿ ಬರಲ್ಲ, ಒತ್ತದೆ ನಾಲ್ಕು ಜನರನ್ನು ಕರಕೊಂಡು ಬರ್ತಾರೆ. ಊಟದ ಲೆಕ್ಕ ಅಡುಗೆಯವರಿಗೇ ಚೆನ್ನಾಗಿ ಗೊತ್ತು.

ಮಾಡೋದೇ ಆದರೆ ಸಂಘದ ಹೆಸರಲ್ಲೇ ಒಂದು ಜಿಮೇಲ್ ತೆರೆದು ಅದರಲ್ಲಿ ಮಾಡಿ, ನಿಮ್ಮ ಸ್ವಂತದ್ದರಲ್ಲಿ ಬೇಡ. ನೀವು ಮನೆ ಬದಲಿಸಿದರೆ ಕ್ಯಾಲೆಂಡರೂ ನಿಮ್ಮ ಹಿಂದೆ ಬರಬಾರದು. ಫೋನಿನಲ್ಲಿ ಹುಡುಕಾಡಬೇಡಿ, ಕಂಪ್ಯೂಟರಿನ ಬ್ರೌಸರಿನಲ್ಲಿ ಮಾಡೋದೇ ಸುಲಭ. ತಿದ್ದುವ ಅನುಮತಿ ಇಬ್ಬರಿಗೆ ಮಾತ್ರ, ಉಳಿದವರಿಗೆ ನೋಡಲು ಲಿಂಕ್ ಕೊಡಿ. ನಾವು ಧಾರಾಳವಾಗಿ ಎಂಟು ಜನರಿಗೆ ಕೊಟ್ಟಿದ್ದೆವು. ಅದರಲ್ಲೊಬ್ಬರು ತಮ್ಮ ಮನೆಯ ಗೀಸರ್ ರಿಪೇರಿಯನ್ನು ಸಂಘದ ಕ್ಯಾಲೆಂಡರಿಗೆ ಹಾಕಿಬಿಟ್ಟರು. ಆ ಬೆಳಿಗ್ಗೆ “ಗೀಸರ್ ಎಲ್ಲರಿಗೂ ಮಾಡ್ತಾರಾ?” ಅಂತ ಫೋನುಗಳು. ಇನ್ನೊಂದು, ಸಾರ್ವಜನಿಕ ಅಂತ ಇಟ್ಟರೆ ಲೋಕಕ್ಕೆಲ್ಲ ಕಾಣುತ್ತೆ. ವಿವರದಲ್ಲಿ ಯಾರ ಫೋನ್ ನಂಬರೂ ಮನೆ ನಂಬರೂ ಬೇಡ.

ಲಿಂಕ್ ಮೂಲಕ ಬೇರೆ ಆ್ಯಪಿಗೆ ಸೇರಿಸಿಕೊಂಡವರಿಗೆ ಬದಲಾವಣೆ ತಲುಪೋಕೆ ಕೆಲವು ಗಂಟೆಗಳೇ ಬೇಕಾಗಬಹುದು. ಅದೇ ದಿನ ಜಾಗ ಬದಲಾದರೆ ವಾಟ್ಸಾಪೇ ಗತಿ. ಲಿಂಕ್ ಒತ್ತದ ಹಿರಿಯರಿಗೆ ಪ್ರತಿ ತಿಂಗಳು ಒಂದು ಹಾಳೆ ಪ್ರಿಂಟ್ ಮಾಡಿ ಲಿಫ್ಟ್ ಪಕ್ಕ ಅಂಟಿಸಿ. ನಿಜ ಹೇಳಬೇಕಂದ್ರೆ ನಮ್ಮಲ್ಲಿ ಜಾಸ್ತಿ ಜನ ನೋಡೋದು ಆ ಹಾಳೆಯನ್ನೇ.

‘ಪ್ರತಿ ವರ್ಷ’ ಅನ್ನೋದನ್ನು ನವೆಂಬರ್ 1ಕ್ಕೆ ಮಾತ್ರ ಕೊಡಿ. ಅದರಲ್ಲೂ ಕಾರ್ಯಕ್ರಮಕ್ಕಲ್ಲ, ಧ್ವಜ ಹಾರಿಸೋದಕ್ಕೆ. 2024ರಲ್ಲಿ ಆ ದಿನ ದೀಪಾವಳಿಯ ನಡುವೆ ಬಂದು ಅರ್ಧ ಅಪಾರ್ಟ್‌ಮೆಂಟ್ ಊರಿಗೆ ಹೋಗಿತ್ತು. ನಾಟಕ, ಊಟ ಎಲ್ಲ 24ನೇ ತಾರೀಖು ಭಾನುವಾರಕ್ಕೆ ತಳ್ಳಿದೆವು. ಸಂಕ್ರಾಂತಿ ಒಂದು ವರ್ಷ 14, ಒಂದು ವರ್ಷ 15. ಅದನ್ನೂ ಕೈಯಲ್ಲೇ ತುಂಬಿ.

ಗಣೇಶ 2025ರಲ್ಲಿ ಆಗಸ್ಟ್ 27ಕ್ಕಿದ್ದ. 2026ರಲ್ಲಿ ಅಧಿಕ ಜ್ಯೇಷ್ಠ ಇದೆ, ಹಬ್ಬ ಸೆಪ್ಟೆಂಬರ್ 14, ಸೋಮವಾರ. ಆ್ಯಪ್ ಆಮೇಲೆ ಹುಡುಕಿದರಾಯಿತು, ಮೊದಲು ಹೋಗಿ ಕ್ಲಬ್‌ಹೌಸ್ ಬರೆಸಿ ಬನ್ನಿ.