ಡ್ರಮ್ ಬಾರಿಸುವ ಹುಡುಗ ಕೆಳಗೇ ಕೂತರೆ: ಸಂಪಾದಕರ ಉತ್ತರ

ತುಮಕೂರು ಜಿಲ್ಲೆಯಿಂದ ಪಾಸ್ಟರಮ್ಮ (ಪಾಸ್ಟರ ಹೆಂಡತಿ) ಒಬ್ಬರು ಬರೆದಿದ್ದಾರೆ. ಮನೆಯ ಮೇಲಿನ ಹಾಲ್‌ನಲ್ಲೇ ಸಭೆ, ಬರುವವರು 45 ಜನ. ಹತ್ತನೇ ಕ್ಲಾಸಿನ ಮಗ ಡ್ರಮ್ ಬಾರಿಸುತ್ತಾನೆ. ಎರಡು ತಿಂಗಳಿಂದ ಭಾನುವಾರ ಬಂತೆಂದರೆ ಹೊಟ್ಟೆನೋವು, ಕಿವಿಯಲ್ಲಿ ಗುಂಯ್ ಅನ್ನುತ್ತೆ ಎಂದು ಕೆಳಗೇ ಉಳಿಯುತ್ತಾನೆ. ಹನ್ನೊಂದು ವರ್ಷದ ಮಗಳನ್ನು ಹೊರಗಿನಿಂದ ಪ್ರಸಂಗಕ್ಕೆ ಬಂದ ಸೇವಕರೊಬ್ಬರು ಪವಿತ್ರಾತ್ಮದ ಅಭಿಷೇಕಕ್ಕೆಂದು ಮುಂದೆ ನಿಲ್ಲಿಸಿದರು. ಅವಳಿಗೆ ಅನ್ಯಭಾಷೆ (ಆತ್ಮ ತುಂಬಿದಾಗ ಬಾಯಿಗೆ ಬರುತ್ತದೆ ಎಂದು ನಂಬುವ, ಕಲಿಯದ ಭಾಷೆ) ಬರಲಿಲ್ಲ. ಸಭೆಯ ಹಿರಿಯರೊಬ್ಬರು ಬೈಬಲಿನ 1 ತಿಮೊಥೆ 3ನೇ ಅಧ್ಯಾಯ ತೆಗೆದು, ಮನೆ ಆಳಲಾರದವರು ಸಭೆ ಹೇಗೆ ನೋಡಿಕೊಂಡಾರು ಎಂದಿದ್ದಾರೆ. ‘ಇದು ತಿರುಗಿಬೀಳುವ ಆತ್ಮವೋ? ಮೂರು ದಿನ ಉಪವಾಸ ಹಾಕೋಣವೇ?’ ಎಂಬುದು ಅವರ ಪ್ರಶ್ನೆ.

ಸಹೋದರಿ, ಉಪವಾಸಕ್ಕೆ ಮೊದಲು ಒಂದು ಹಾಳೆ, ಪೆನ್ನು ತಗೊಳ್ಳಿ. ಲೆಕ್ಕ ನಿಮ್ಮ ಪತ್ರದಲ್ಲೇ ಇದೆ, ನೀವು ಕೂಡಿಸಿಲ್ಲ ಅಷ್ಟೆ. ಶನಿವಾರ ಸಂಜೆ ಪ್ರಾಕ್ಟೀಸ್ 2 ಗಂಟೆ. ಭಾನುವಾರ ಏಳೂವರೆಗೆ ಕುರ್ಚಿ ಹಾಕುವುದರಿಂದ ಹಿಡಿದು ಊಟ ಬಡಿಸಿ, ಚಾಪೆ ಸುತ್ತಿ, ವಯರ್ ಸುತ್ತಿಡುವ ಎರಡೂವರೆವರೆಗೆ 7 ಗಂಟೆ. ಬುಧವಾರದ ಮನೆಕೂಟ 2, ಶುಕ್ರವಾರದ ಉಪವಾಸ ಪ್ರಾರ್ಥನೆ 2. ಒಟ್ಟು ವಾರಕ್ಕೆ 13 ಗಂಟೆ. ತಿಂಗಳಿಗೊಂದು ಇಡೀ ರಾತ್ರಿ ಪ್ರಾರ್ಥನೆ ಇದಕ್ಕೆ ಸೇರಿಲ್ಲ. ಸಭೆಯ ಬೇರೆ ಹುಡುಗರು ಇದರಲ್ಲಿ ಮೂರು ಗಂಟೆ ಕೂತು ಮನೆಗೆ ಹೋಗುತ್ತಾರೆ. ನಿಮ್ಮ ಮಗನಿಗೆ ಹೋಗಲು ಬೇರೆ ಮನೆಯಿಲ್ಲ, ಮೇಲಿರುವುದೂ ಅದೇ ಮನೆ. ಹತ್ತನೇ ಕ್ಲಾಸಿನ ಹುಡುಗ ಇಷ್ಟು ದಿನ ಎಳೆದದ್ದೇ ಹೆಚ್ಚು.

ಕಿವಿಯ ಮಾತನ್ನು ನೆಪ ಎಂದು ತಳ್ಳಬೇಡಿ. 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಇರಬಹುದು ಎನ್ನುವುದು ಕಾರ್ಖಾನೆ ಕೆಲಸಗಾರರಿಗೆ ಹಾಕಿರುವ ಒಂದು ಮಿತಿ. ಮೇಲೆ ಪ್ರತಿ 3 ಡೆಸಿಬೆಲ್‌ಗೆ ಹೊತ್ತು ಅರ್ಧವಾಗುತ್ತದೆ. 100ಕ್ಕೆ ಹೋದರೆ ಉಳಿಯುವುದು 15 ನಿಮಿಷ. ಆರ್‌ಸಿಸಿ ಛಾವಣಿ, ಬರಿಗೋಡೆ, ಪರದೆಯಿಲ್ಲದ ಹಾಲ್‌ನಲ್ಲಿ ಡ್ರಮ್ಮಿನ ಹಿಂದೆ ಕೂತವನಿಗೆ 100 ದಾಟುವುದು ಕಷ್ಟವೇನಲ್ಲ, ಆರಾಧನೆಯ ಹಾಡೇ ಒಂದು ಗಂಟೆ ನಡೆಯುತ್ತದೆ. ಸದ್ದು ಏರುವ ಬಗೆಯೂ ಎಲ್ಲ ಸಣ್ಣ ಸಭೆಗಳಲ್ಲಿ ಒಂದೇ: ಡ್ರಮ್ಮಿನಲ್ಲಿ ಕೀಬೋರ್ಡ್ ಕೇಳಿಸುವುದಿಲ್ಲ ಎಂದು ಅದನ್ನು ಏರಿಸುತ್ತಾರೆ, ಹಾಡುವವರು ಮೈಕ್ ಏರಿಸಿಕೊಳ್ಳುತ್ತಾರೆ, ತನ್ನದೇ ಕೇಳದ ಹುಡುಗ ಇನ್ನೂ ಜೋರಾಗಿ ಬಾರಿಸುತ್ತಾನೆ. ಮಿಕ್ಸರ್‌ನಲ್ಲಿ ಎಲ್ಲಕ್ಕೂ ಸದ್ದು ಇಳಿಸುವ ಗುಬುಟಿ ಇದೆ, ಡ್ರಮ್ಮಿಗಿಲ್ಲ. ಆದ್ದರಿಂದ ಇಳಿಸುವುದನ್ನು ಅಲ್ಲಿಂದಲೇ ಶುರುಮಾಡಿ. ಸ್ನೇರ್ (ಎದುರಿನ ಸಣ್ಣ ಡ್ರಮ್) ಮೇಲೆ ಮಡಿಸಿದ ಬಟ್ಟೆ, ಕಾಲಲ್ಲಿ ಬಾರಿಸುವ ಕಿಕ್ ಡ್ರಮ್ಮಿನೊಳಗೆ ಹಳೇ ದಿಂಬು, ಅಡಿಗೆ ದಪ್ಪ ಜಮಖಾನ, ಹಿಂದಿನ ಗೋಡೆಗೆ ಕಂಬಳಿ. ಇಷ್ಟಾದ ಮೇಲೆ ಸ್ಪೀಕರ್ ಇಳಿಸಿ. ಹುಡುಗನಿಗೆ ಫೋಮ್ ಇಯರ್‌ಪ್ಲಗ್ ಕೊಡಿಸಿ: ಬೆರಳಲ್ಲಿ ಹೊಸೆದು ತೆಳ್ಳಗೆ ಮಾಡಿ, ಕಿವಿಯನ್ನು ಮೇಲಕ್ಕೆ ಹಿಂದಕ್ಕೆ ಎಳೆದು ಒಳಗಿಟ್ಟು, ಅದು ಉಬ್ಬುವ ತನಕ ಹಿಡಿದಿರಬೇಕು. ಸುಮ್ಮನೆ ತುರುಕಿದರೆ ಪ್ರಯೋಜನವಿಲ್ಲ. ಗುಂಯ್ ಸದ್ದು ಮಾರನೇ ದಿನವೂ ಇದ್ದರೆ ಪ್ರಾರ್ಥನೆ ಮಾಡಿ, ಇಎನ್‌ಟಿ ಡಾಕ್ಟರಿಗೂ ತೋರಿಸಿ.

ಹೊಟ್ಟೆನೋವು ವಾರದ ದಿನವೂ ಬಂದರೆ ಡಾಕ್ಟರು ನೋಡಲಿ. ಭಾನುವಾರ ಬೆಳಗ್ಗೆ ಮಾತ್ರ ಬಂದರೆ ಅದು ಆತಂಕದ್ದಿರಬಹುದು. ಹಾಗೆಂದು ಸುಳ್ಳು ನೋವಲ್ಲ, ಹೊಟ್ಟೆ ನಿಜವಾಗಿಯೇ ನುಲಿಯುತ್ತದೆ.

ಇನ್ನೊಂದು ಮಾತು ಹೇಳಲೇಬೇಕು. ಮಗು ಇದ್ದಕ್ಕಿದ್ದಂತೆ ಒಬ್ಬ ವ್ಯಕ್ತಿಯನ್ನು ಕಂಡರೆ, ಒಂದು ಕೂಟದ ಹೆಸರೆತ್ತಿದರೆ ಮುದುಡುತ್ತಿದೆಯೇ ನೋಡಿ. ಪಾಸ್ಟರ ಮನೆಯಲ್ಲಿ ಅತಿಥಿ ಸೇವಕರಿಗೆ ಮಕ್ಕಳ ಕೋಣೆ ಬಿಟ್ಟುಕೊಡುವುದು, ರಾತ್ರಿ ಪ್ರಾರ್ಥನೆಯಲ್ಲಿ ಮಕ್ಕಳು ಹಾಲ್‌ನ ಮೂಲೆಯಲ್ಲಿ ಎಲ್ಲರ ನಡುವೆ ಮಲಗುವುದು ರೂಢಿ. ಅದನ್ನು ನಿಲ್ಲಿಸಿ. ಅತಿಥಿ ಎಷ್ಟೇ ದೊಡ್ಡ ಅಭಿಷಿಕ್ತರಾಗಲಿ, ಮಕ್ಕಳು ನಿಮ್ಮ ಕೋಣೆಯಲ್ಲೇ ಮಲಗಲಿ. ಏನಾದರೂ ನಡೆದಿದೆ ಎಂದು ತಿಳಿದರೆ ಹಿರಿಯರನ್ನು ಕೂಡಿಸಿ ರಾಜಿ ಮಾಡುವ ವಿಷಯವಲ್ಲ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ಪೋಕ್ಸೊ ಕಾಯ್ದೆ (2012) ಪ್ರಕಾರ ತಿಳಿದವರು ಪೊಲೀಸರಿಗೆ ಹೇಳಲೇಬೇಕು, ಹೇಳದಿರುವುದೇ ಅಪರಾಧ. ಮಕ್ಕಳ ಸಹಾಯವಾಣಿ 1098.

ಮಗಳ ವಿಷಯಕ್ಕೆ ಬರೋಣ. ಮುಂದೆ ನಿಲ್ಲಿಸಿದಾಗ ಏನಾಗುತ್ತದೆ ಎಂದು ನಿಮಗೆ ಹೊಸದಾಗಿ ಹೇಳಬೇಕಿಲ್ಲ. ತಲೆಯ ಮೇಲೆ ಕೈ, ಕಿವಿಯ ಹತ್ತಿರ ಮೈಕ್, ‘ಸ್ತೋತ್ರ ಸ್ತೋತ್ರ ಅನ್ನು, ಬೇಗ ಬೇಗ ಅನ್ನು, ನಾಲಿಗೆ ಬಿಟ್ಟುಕೊಡು’ ಎಂಬ ಒತ್ತಾಯ, ಸುತ್ತ ಕಣ್ಣು ಬಿಟ್ಟು ನೋಡುವ ವಿಶ್ವಾಸಿಗಳು. ಬೇರೆಯವರ ಮಗು ಸುಮ್ಮನಿದ್ದರೆ ಮುಂದಿನ ಸಾಲಿಗೆ ಹೋಗುತ್ತಾರೆ. ಪಾಸ್ಟರ ಮಗಳು ಸುಮ್ಮನಿದ್ದರೆ ಬಿಡುವುದಿಲ್ಲ. ಆಗ ಬುದ್ಧಿವಂತ ಮಗು ಮಾಡುವುದೇನು? ಪಕ್ಕದ ಆಂಟಿಯಿಂದ ಕೇಳಿದ ನಾಲ್ಕು ಶಬ್ದ ಹೇಳಿ ಬಿಡಿಸಿಕೊಳ್ಳುತ್ತದೆ. ಎಲ್ಲರೂ ಹಲ್ಲೆಲೂಯ ಅನ್ನುತ್ತಾರೆ. ಕೆಡುವುದು ಅಲ್ಲೇ. ಹನ್ನೊಂದಕ್ಕೆ ನಟಿಸಿದ ಮಗು ಹದಿನೇಳಕ್ಕೆ ತಿರುಗಿ ನೋಡಿ, ಅದು ನಾಟಕವಾದರೆ ತಾನು ಹಾಸಿಗೆಯಲ್ಲಿ ಒಬ್ಬಳೇ ಮಾಡಿದ ಪ್ರಾರ್ಥನೆಯೂ ನಾಟಕವೇ ಅಂದುಕೊಳ್ಳುತ್ತದೆ. ನಿಮ್ಮ ಮಗಳು ನಟಿಸಲಿಲ್ಲ. ಅದಕ್ಕೆ ಅವಳನ್ನು ಮೆಚ್ಚಬೇಕು.

ಸಿದ್ಧಾಂತದ ಚಿಂತೆ ನಿಮಗಿದ್ದೇ ಇರುತ್ತದೆ. ಅನ್ಯಭಾಷೆಯೇ ಆತ್ಮದ ದೀಕ್ಷಾಸ್ನಾನದ (ಪವಿತ್ರಾತ್ಮ ತುಂಬುವುದರ) ಮೊದಲ ಗುರುತು ಎಂದು ಅಸೆಂಬ್ಲೀಸ್ ಆಫ್ ಗಾಡ್ ಎಂಬ ಪೆಂಟೆಕೋಸ್ತ್ ಪಂಗಡ 1916ರಲ್ಲೇ ತನ್ನ ನಂಬಿಕೆಯ ಹೇಳಿಕೆಯಲ್ಲಿ ಬರೆದುಕೊಂಡಿತು, ಬಹಳ ಸಭೆಗಳು ಅದನ್ನೇ ಹಿಡಿದಿವೆ. ಆದರೆ ಹನ್ನೊಂದು ವರ್ಷಕ್ಕೇ, ಅತಿಥಿ ಬಂದ ದಿನವೇ ಆಗಬೇಕೆಂದು ಅಲ್ಲಿಲ್ಲ. ಎಲ್ಲರೂ ಅನ್ಯಭಾಷೆ ಆಡುತ್ತಾರೋ ಎಂದು ಅಪೊಸ್ತಲ ಪೌಲನೇ ಕೇಳುತ್ತಾನೆ (1 ಕೊರಿಂಥ 12:30). ಸಭೆಯಲ್ಲಿ ಇಬ್ಬರು, ಹೆಚ್ಚೆಂದರೆ ಮೂವರು ಆಡಲಿ, ಅರ್ಥ ಹೇಳುವವರಿಲ್ಲದಿದ್ದರೆ ಸುಮ್ಮನಿರಲಿ ಎಂದೂ ಹೇಳುತ್ತಾನೆ (14:27-28). ನಮ್ಮ ಕಾರ್ಕಳ ಬಳಿಯ ಮಾಳದ ಮನೆತನದ ಪಂಡಿತಾ ರಮಾಬಾಯಿಯವರ ಪುಣೆ ಬಳಿಯ ಕೇಡಗಾಂವ್ ಮುಕ್ತಿ ಆಶ್ರಮದಲ್ಲಿ 1905ರಲ್ಲಿ ಉಜ್ಜೀವನ (ಭಕ್ತಿಯ ಹೊಸ ಅಲೆ) ಶುರುವಾಯಿತು, ಮುಂದೆ ಅಲ್ಲಿನ ಹುಡುಗಿಯರು ಅನ್ಯಭಾಷೆಯಲ್ಲಿ ಪ್ರಾರ್ಥಿಸಿದರು. ರಮಾಬಾಯಿ ಮಾತ್ರ ತಾವು ಅನ್ಯಭಾಷೆ ಆಡಿದವರಲ್ಲ. ಅದಕ್ಕಾಗಿ ಅವರನ್ನು ಯಾರೂ ಮುಂದೆ ನಿಲ್ಲಿಸಲಿಲ್ಲ.

ಇನ್ನು ಮುಂದೆ ಅತಿಥಿ ಸೇವಕರನ್ನು ಕರೆಯುವಾಗ ಫೋನಿನಲ್ಲೇ ಹೇಳಿಬಿಡಿ: ನಮ್ಮ ಮಕ್ಕಳನ್ನು ಹೆಸರು ಹಿಡಿದು ಕರೆಯಬೇಡಿ, ಅವರಾಗಿ ಬಂದರೆ ಪ್ರಾರ್ಥಿಸಿ, ಹಣೆ ಹಿಡಿದು ತಳ್ಳಬೇಡಿ. ಮಕ್ಕಳ ಬಗ್ಗೆ ಪ್ರವಾದನೆ ಹೇಳಿದರೆ ತಾರೀಖು ಹಾಕಿ ಒಂದು ನೋಟ್‌ಬುಕ್ಕಿನಲ್ಲಿ ಬರೆದು ಬೀರುವಿನಲ್ಲಿಡಿ. ಪಿಯುಸಿಗೆ ಸೈನ್ಸೋ ಕಾಮರ್ಸೋ ಎನ್ನುವುದನ್ನು ಅದರಿಂದ ತೀರ್ಮಾನಿಸಬೇಡಿ.

ಹಿರಿಯರ ಆಕ್ಷೇಪಕ್ಕೆ ನಿಮ್ಮ ಅಯ್ಯನವರು (ಪಾಸ್ಟರು) ಕುಗ್ಗಬೇಕಿಲ್ಲ. ಆ ಅಧ್ಯಾಯದ 4-5ನೇ ವಚನ ಓದಿದವರು 12ನೇದನ್ನೂ ಓದಲಿ, ಅದೇ ಮಾತು ಅಲ್ಲಿ ಸಭಾಸೇವಕರಿಗೂ, ಅಂದರೆ ಸಭೆಯ ಕೆಲಸಕ್ಕೆ ನಿಂತ ಉಳಿದವರಿಗೂ, ಇದೆ. ಬೈಬಲಿನ ಯಾಜಕ ಏಲಿಯ ಮಕ್ಕಳ ಉದಾಹರಣೆಯನ್ನೂ ಎತ್ತಿದರಂತೆ. ಆ ಮಕ್ಕಳಾದ ಹೊಫ್ನಿ, ಫೀನೆಹಾಸರು ಯಾಜಕರ ಕೆಲಸದಲ್ಲಿದ್ದ ಬೆಳೆದ ಗಂಡಸರು, ಬಲಿಯ ಮಾಂಸವನ್ನು ಬಲವಂತದಿಂದ ಕಿತ್ತುಕೊಳ್ಳುತ್ತಿದ್ದವರು. ಹೊಟ್ಟೆನೋವೆಂದು ಕೆಳಗೆ ಮಲಗಿದ ಹುಡುಗನಿಗೂ ಅದಕ್ಕೂ ಏನು ಸಂಬಂಧ?

ಮಾಡಬೇಕಾದ್ದು ಇಷ್ಟು. ನಾಲ್ಕು ಭಾನುವಾರ ಮಗನನ್ನು ಕೆಳಗೇ ಬಿಡಿ. ಯಾಕೆ ಬರಲಿಲ್ಲ ಎಂದು ಅಯ್ಯನವರೂ ಕೇಳಬಾರದು, ಊಟದ ಹೊತ್ತಿಗೆ ಆಡಿಸಿ ನೋಡುವ ಮಾತೂ ಬೇಡ. ವಿಶ್ವಾಸಿಗಳು ವಿಚಾರಿಸಿದರೆ ‘ಪರೀಕ್ಷೆಗೆ ಓದುತ್ತಿದ್ದಾನೆ’ ಎಂದು ಸುಳ್ಳು ಹೇಳಬೇಡಿ, ಮೆಟ್ಟಿಲ ಕೆಳಗಿರುವವನಿಗೆ ಅದು ಕೇಳಿಸುತ್ತದೆ. ‘ಚೆನ್ನಾಗಿದ್ದಾನೆ, ಕೆಳಗಿದ್ದಾನೆ’ ಸಾಕು. ಐದನೇ ವಾರ ಅಪ್ಪನೇ ಕೇಳಲಿ, ಮನೆಯಲ್ಲಲ್ಲ, ಹೊರಗೆ ಕರೆದುಕೊಂಡು ಹೋಗಿ: ಈ 13 ಗಂಟೆಯಲ್ಲಿ ನಿನಗೆ ಯಾವುದು ಬೇಕು, ಯಾವುದು ಬೇಡ? ಅವನು ಹೇಳಿದ್ದನ್ನು ಪ್ರಸಂಗದಲ್ಲಿ ಉದಾಹರಣೆಯಾಗಿ ಬಳಸಕೂಡದು. ಮಕ್ಕಳ ಮಾರ್ಕ್ಸು, ಜಗಳ, ಜ್ವರ ಯಾವುದನ್ನೂ ಅವರನ್ನು ಕೇಳದೆ ವೇದಿಕೆಗೆ ತರಬೇಡಿ. ಬೇಡ ಅಂದರೆ ಚರ್ಚೆಯೂ ಬೇಡ. ಕಾಣಿಕೆ ಎಣಿಸುವ ಕೆಲಸದಿಂದಲೂ ಅವನನ್ನು ಬಿಡಿಸಿ, ಸಭೆಯ ಇಬ್ಬರು ಎಣಿಸಿ ಸಹಿ ಹಾಕಲಿ. ಯಾರ ಕವರಿನಲ್ಲಿ ಎಷ್ಟು ದಶಮಾಂಶ (ಆದಾಯದ ಹತ್ತರಲ್ಲೊಂದು ಪಾಲಿನ ಕಾಣಿಕೆ) ಬಂತು ಎಂದು ಹದಿನೈದರ ಹುಡುಗನಿಗೆ ಗೊತ್ತಿರಬಾರದು, ಗೊತ್ತಿದ್ದರೆ ಅವರು ಅಪ್ಪನನ್ನು ಹೊಗಳುವುದೂ ಬೈಯುವುದೂ ಅವನಿಗೆ ಬೇರೆಯಾಗಿಯೇ ಕೇಳಿಸುತ್ತದೆ.

ಉಪವಾಸ ಹಾಕುವುದಾದರೆ ದೊಡ್ಡವರು ಹಾಕಿ. ಮಕ್ಕಳಿಗೆ ತಿಂಡಿ ತಪ್ಪಿಸಬೇಡಿ.

ಡ್ರಮ್ಮಿಗೆ ಬೇರೆ ಯಾರೂ ಇಲ್ಲ, ಆರಾಧನೆ ಸಪ್ಪೆಯಾಗುತ್ತದೆ ಎಂದೂ ಬರೆದಿದ್ದೀರಿ. ನಲವತ್ತೈದು ಜನರ ಹಾಲಿಗೆ ಒಂದು ಢೋಲಕ್, ಒಂದು ಖಂಜಿರ ಸಾಕು. ಅದೂ ಇಲ್ಲವೆಂದರೆ ಚಪ್ಪಾಳೆ ಇದೆ.